ಆಫೀಸ್ ಬಾಡಿಗೆಗೆ ಹಿಡಿಯುವ ಮುಂಚೆ, ಬಾಗಿಲಿಗೆ ಬರುವವರು ಯಾರು ಅಂತ ನೋಡಿ

ತುಮಕೂರಿನಲ್ಲಿ ಹೊಸದಾಗಿ ಬಿಸಿನೆಸ್ ಶುರು ಮಾಡುವವರು ಜಿಎಸ್‌ಟಿ ನೋಂದಣಿಗೆ ನನ್ನ ಹತ್ತಿರ ಬರುವ ಹೊತ್ತಿಗೆ ಎಷ್ಟೋ ಸಲ ಆಫೀಸಿಗೆ ಅಡ್ವಾನ್ಸ್ ಕೊಟ್ಟೇ ಆಗಿರುತ್ತದೆ. ಬಿ.ಎಚ್. ರಸ್ತೆಯಲ್ಲೋ ಎಂ.ಜಿ. ರಸ್ತೆಯಲ್ಲೋ ಜಾಗ ಹಿಡಿದಿರುತ್ತಾರೆ. ಗಿರಾಕಿಗಳು ಯಾರು ಅಂತ ಕೇಳಿದರೆ, "ವಸಂತನರಸಾಪುರದ ಫ್ಯಾಕ್ಟರಿಯವರು ಸಾರ್, ಎಲ್ಲಾ ಫೋನಲ್ಲೇ" ಅನ್ನುತ್ತಾರೆ. ಹಾಗಿದ್ದ ಮೇಲೆ ಮೇನ್ ರೋಡಿನ ಬಾಡಿಗೆ ಯಾಕೆ ಬೇಕಿತ್ತು?

ನಾನು ಮೊದಲು ಕೇಳುವುದು ಒಂದೇ: ನಿಮ್ಮ ಬಾಗಿಲಿಗೆ ದಿನಾ ಬರುವವರು ಯಾರು? ಬೋರ್ಡ್ ನೋಡಿ ಗಿರಾಕಿ ಒಳಗೆ ಬರಬೇಕಾದ ವ್ಯಾಪಾರವಾದರೆ ರಸ್ತೆ ಬದಿಯ ಕೆಳಗಿನ ಮಳಿಗೆಗೆ ಜಾಸ್ತಿ ಕೊಟ್ಟರೂ ತಪ್ಪಿಲ್ಲ. ಬರುವವರು ಬರೀ ಕೆಲಸದವರು ಅನ್ನುವುದಾದರೆ ಎಸ್.ಎಸ್. ಪುರಂ, ಸೋಮೇಶ್ವರಪುರಂ ಕಡೆ ಒಳರಸ್ತೆಯ ಎರಡನೇ ಮಹಡಿಯೇ ಸಾಕು. ಬಸ್ಸಿಳಿದು ನಡೆದು ಬರುವಂತಿದ್ದರೆ ಆಯ್ತು. ಸರಕು ಬಂದು ಹೋಗುವ ಹಾಗಿದ್ದರೆ ಅಂತರಸನಹಳ್ಳಿ ಕಡೆ ನೋಡಿ, ಟೆಂಪೋ ತಿರುಗಿಸಲು ಜಾಗ ಇದೆಯಾ ಅಂತ ಮೊದಲು ಗಮನಿಸಿ. ಇಬ್ಬರು ಮೂವರೇ ಇದ್ದು, ವ್ಯಾಪಾರ ಹೇಗೆ ಹೋಗುತ್ತೋ ಗೊತ್ತಿಲ್ಲದಿದ್ದರೆ ಕೋ-ವರ್ಕಿಂಗ್ ಜಾಗದಲ್ಲಿ ತಿಂಗಳ ಲೆಕ್ಕದ ಟೇಬಲ್ ಒಳ್ಳೆಯದು. ಕುರ್ಚಿ, ಇಂಟರ್ನೆಟ್ ಎಲ್ಲಾ ಅಲ್ಲೇ ಇರುತ್ತದೆ. ಆದರೆ ಜಿಎಸ್‌ಟಿಗೆ ಬೇಕಾದ ಕರಾರು, ಒಪ್ಪಿಗೆ ಪತ್ರ ಕೊಡುತ್ತಾರಾ ಅಂತ ಮೊದಲೇ ಕೇಳಿಕೊಳ್ಳಿ.

ಜಾಸ್ತಿ ತೊಂದರೆ ಆಗುವುದು ವಾಸದ ಮನೆಯನ್ನೇ ಆಫೀಸ್ ಮಾಡಿಕೊಂಡಾಗ. ಬಾಡಿಗೆ ಕಡಿಮೆ, ಮುಂದೆ ಗಾಡಿ ನಿಲ್ಲಿಸಲು ಜಾಗವೂ ಇರುತ್ತದೆ. ಮೇಲಾಗಿ ಓನರ್, "ಗೃಹಜ್ಯೋತಿ ಇದೆ, ಕರೆಂಟ್ ಬಿಲ್ ಸೊನ್ನೆ" ಅಂತ ಖುಷಿಯಿಂದ ಹೇಳುತ್ತಾರೆ. ಅದನ್ನು ನಂಬಿ ಹೋಗಬೇಡಿ. ಆ ಯೋಜನೆ ಇರುವುದು ವಾಸದ ಮನೆಗೆ ಮಾತ್ರ. ಒಂದು ಹಳೆಯ ಬೆಸ್ಕಾಂ ಬಿಲ್ ಕೇಳಿ ಪಡೆದು, ಅದರಲ್ಲಿ ಎರಡು ವಿಷಯ ನೋಡಿ. ಒಂದು, ದರದ ವರ್ಗ. ಆಫೀಸಿಗೆ ಇರಬೇಕಾದದ್ದು ಎಲ್‌ಟಿ-3, ಅಂದರೆ ವಾಣಿಜ್ಯ ಮೀಟರ್. ಮನೆ ಮೀಟರಿನಲ್ಲಿ ಆಫೀಸ್ ನಡೆಸಿ ತಪಾಸಣೆಗೆ ಸಿಕ್ಕಿಬಿದ್ದರೆ 2003ರ ವಿದ್ಯುತ್ ಕಾಯ್ದೆಯ ಪ್ರಕಾರ ಎರಡು ಪಟ್ಟು ದರ ಕಟ್ಟಬೇಕಾಗುತ್ತದೆ. ಇನ್ನೊಂದು, ಮಂಜೂರಾದ ಲೋಡ್. ಒಂದೂವರೆ ಟನ್ನಿನ ಒಂದು ಎಸಿಯೇ ಸುಮಾರು ಒಂದೂವರೆ ಕಿಲೋವ್ಯಾಟ್ ಎಳೆಯುತ್ತದೆ. ಬಿಲ್ಲಿನಲ್ಲಿ 2 ಕಿಲೋವ್ಯಾಟ್ ಅಂತಿದ್ದರೆ ಎರಡು ಎಸಿ, ನಾಲ್ಕು ಕಂಪ್ಯೂಟರ್ ಅಲ್ಲಿ ನಡೆಯಲ್ಲ. ಮೀಟರ್ ಬದಲಾಯಿಸುವ, ಲೋಡ್ ಹೆಚ್ಚಿಸುವ ಖರ್ಚು ಯಾರದ್ದು ಅನ್ನುವುದನ್ನು ಅಡ್ವಾನ್ಸ್ ಕೊಡುವ ಮೊದಲೇ ಮಾತಾಡಿಕೊಳ್ಳಿ.

ಅಳತೆಯನ್ನು ಟೇಪ್ ಹಿಡಿದು ನೀವೇ ನೋಡಿ. ಚದರಡಿಗೆ 25 ರೂಪಾಯಿಯಂತೆ ಸಾವಿರ ಚದರಡಿ ಅಂತ ಹೇಳಿರುತ್ತಾರೆ. ಮೆಟ್ಟಿಲು, ಪ್ಯಾಸೇಜ್ ಎಲ್ಲಾ ಕಳೆದು ಕುರ್ಚಿ ಹಾಕಲು 700 ಉಳಿದರೆ, ನೀವು ನಿಜವಾಗಿ ಕೊಡುತ್ತಿರುವುದು ಚದರಡಿಗೆ 35 ರೂಪಾಯಿಗೂ ಮೇಲೆ.

ತೆರಿಗೆಯದ್ದೂ ಒಂದು ಮಾತಿದೆ. ಓನರ್‌ಗೆ ಜಿಎಸ್‌ಟಿ ನೋಂದಣಿ ಇಲ್ಲ, ನಿಮಗೆ ಇದೆ ಅಂದರೆ ಬಾಡಿಗೆಯ ಮೇಲಿನ 18% ಅನ್ನು ನೀವೇ ಕಟ್ಟಬೇಕು. 2024ರ ಅಕ್ಟೋಬರ್ 10ರಿಂದ ಈ ನಿಯಮ ಇದೆ. ಕಾಂಪೊಸಿಷನ್‌ನಲ್ಲಿ, ಅಂದರೆ ಸಣ್ಣ ವ್ಯಾಪಾರಿಗಳು ವಹಿವಾಟಿನ ಮೇಲೆ ಕಡಿಮೆ ದರದಲ್ಲಿ ಜಿಎಸ್‌ಟಿ ಕಟ್ಟುವ ಯೋಜನೆಯಲ್ಲಿ, ಇರುವವರನ್ನು ಆಮೇಲೆ ಇದರಿಂದ ಬಿಟ್ಟಿದ್ದಾರೆ.

ಇನ್ನು ಕರಾರು. ನಮ್ಮಲ್ಲಿ ಎಲ್ಲರೂ 11 ತಿಂಗಳಿಗೆ ಬರೆಸುತ್ತಾರೆ. ಒಂದು ವರ್ಷ ಮೀರಿದರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮಾಡಿಸಬೇಕಲ್ಲ, ಆ ಖರ್ಚು ಯಾಕೆ ಅಂತ. ಬರೀ ಟೇಬಲ್ ಕುರ್ಚಿ ಹಾಕಿ ಕೂರುವವರಿಗೆ ಅದು ಸರಿ. ಆದರೆ ಗಾಜಿನ ಪಾರ್ಟಿಷನ್, ಫಾಲ್ಸ್ ಸೀಲಿಂಗ್, ವೈರಿಂಗ್ ಅಂತ ನಾಲ್ಕೈದು ಲಕ್ಷ ಸುರಿಯುವವರು 11 ತಿಂಗಳ ಕಾಗದ ನಂಬಿ ಕೂರುವುದು ನೋಡಿದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಅವಧಿ ಮುಗಿದ ಮೇಲೆ ಹಾಗೇ ಬಾಡಿಗೆ ಕೊಡುತ್ತಾ ಹೋದರೆ ಅದು ತಿಂಗಳ ಬಾಡಿಗೆ ಆಗಿಬಿಡುತ್ತದೆ. ಬೇರೆ ಒಪ್ಪಂದ ಇಲ್ಲದಿದ್ದರೆ 15 ದಿನದ ನೋಟಿಸ್ ಸಾಕು, ಖಾಲಿ ಮಾಡಿ ಅನ್ನಬಹುದು. ಅಂಥವರು ಮೂರೋ ಐದೋ ವರ್ಷಕ್ಕೆ ನೋಂದಣಿ ಮಾಡಿಸಿ. ವರ್ಷಕ್ಕೆ ಎಷ್ಟು ಏರಿಕೆ, ಬಿಡುವಾಗ ಎಷ್ಟು ತಿಂಗಳ ನೋಟಿಸ್, ಪಾರ್ಟಿಷನ್ ಯಾರಿಗೆ, ಪೇಂಟಿಂಗಿಗೆ ಅಡ್ವಾನ್ಸಿನಲ್ಲಿ ಎಷ್ಟು ಹಿಡಿಯುತ್ತಾರೆ ಅನ್ನುವುದೆಲ್ಲಾ ಅದರಲ್ಲೇ ಬರಲಿ. ಸಹಿ ಹಾಕುವವರ ಹೆಸರಲ್ಲೇ ಕಟ್ಟಡದ ಖಾತೆ ಇದೆಯಾ ಅಂತಲೂ ನೋಡಿ. ಅಪ್ಪನ ಹೆಸರಿನ ಕಟ್ಟಡಕ್ಕೆ ಮಗ ಸಹಿ ಹಾಕುವುದು ನಮ್ಮೂರಲ್ಲಿ ಮಾಮೂಲು. ಆಗ ಅಪ್ಪನಿಂದ ಅಧಿಕಾರ ಪತ್ರ ಕೇಳಿ, ಅದು ಕೈಗೆ ಬಂದ ಮೇಲೆ ಅಡ್ವಾನ್ಸ್ ಕೊಡಿ.