ಮೊದಲು ದೊರೆಗೆ ಬಹುಪರಾಕ್, ಆಮೇಲೆ ಕತೆ

ಫ್ರಾನ್ಸಿನ ದೊರೆ 14ನೇ ಲೂಯಿ ಮೊದಮೊದಲು ತನ್ನ ಬಹುಪರಾಕನ್ನು ತಾನೇ ಕುಣಿದು ಹೇಳಿಕೊಳ್ಳುತ್ತಿದ್ದ. 1653ರಲ್ಲಿ, ಇನ್ನೂ 14 ವರ್ಷದ ಹುಡುಗ, ರಾತ್ರಿಯ ಕತೆ ಹೇಳುವ ಬ್ಯಾಲೆಯೊಂದರ ಕೊನೆಗೆ ಉದಯಸೂರ್ಯನ ವೇಷದಲ್ಲಿ ಬಂದ. ಅದರಲ್ಲಿ ಕುಣಿದವರಲ್ಲಿ ಫ್ಲಾರೆನ್ಸಿನ ಗಿರಣಿಯವನೊಬ್ಬನ ಮಗನೂ ಇದ್ದ, ಹೆಸರು ಲುಲಿ. ಕೆಲವೇ ವಾರಗಳಲ್ಲಿ ಅವನು ಆಸ್ಥಾನದ ವಾದ್ಯಸಂಗೀತ ಬರೆಯುವವನಾದ.

1670ರ ಹೊತ್ತಿಗೆ ದೊರೆ ವೇಷ ಕಟ್ಟುವುದನ್ನು ಬಿಟ್ಟ. ಸೂರ್ಯನೇ ರಂಗಕ್ಕೆ ಬರದಿದ್ದರೆ ಅವನ ಪ್ರತಾಪವನ್ನು ಬೇರೆ ಯಾರಾದರೂ ಹಾಡಬೇಕಲ್ವಾ? 1672ರಲ್ಲಿ, ಸಾಲ ಮಾಡಿ ಜೈಲು ಸೇರಿದ್ದ ಕವಿ ಪೆರೆನ್ ಕೈಲಿದ್ದ ಒಪೆರಾ (ಹಾಡಿನಲ್ಲೇ ಸಾಗುವ ನಾಟಕ) ನಡೆಸುವ ಹಕ್ಕನ್ನು ಲುಲಿ ಕೊಂಡುಕೊಂಡ. ದೊರೆ ಅದಕ್ಕೆ ಮುದ್ರೆ ಒತ್ತಿದ. ಅಲ್ಲಿಗೆ ಇಡೀ ಫ್ರಾನ್ಸಿನಲ್ಲಿ ಲುಲಿಯ ಒಪ್ಪಿಗೆ ಇಲ್ಲದೆ ಯಾರೂ ಒಪೆರಾ ಆಡುವ ಹಾಗಿರಲಿಲ್ಲ.

ಮುಂದಿನ ವರ್ಷದಿಂದ ಕವಿ ಕೀನೋ ಜೊತೆ ಸೇರಿ ಅವನು ಬರೆದ ಒಪೆರಾಗಳಿಗೆಲ್ಲ ಮುಂದೊಂದು ಪ್ರೊಲೋಗ್, ಅಂದರೆ ಪೀಠಿಕೆಯ ದೃಶ್ಯ. ಕತೆಗೂ ಅದಕ್ಕೂ ಸಂಬಂಧ ಕಡಿಮೆ, ಅದು ದೊರೆಯ ಪಾಲು. ಸಾಮಾನ್ಯವಾಗಿ ಹೆಸರು ಹೇಳುವುದಿಲ್ಲ, ಸುಮ್ನೆ 'ವೀರ' ಅನ್ನುತ್ತಾರೆ. 1674ರ 'ಆಲ್ಸೆಸ್ಟ್' ಶುರುವಾಗುವುದೇ ಸೇನ್ ನದಿಯ ದೇವತೆ ದೊರೆಯ ತೋಟದಲ್ಲಿ ಕೂತು, ತಾನು ಕಾಯುತ್ತಿರುವ ವೀರ ಮರಳಿ ಬರುವುದೇ ಇಲ್ಲವೇ ಎಂದು ಗೋಳಾಡುವುದರಿಂದ. ಆಗ ಡಚ್ಚರ ಮೇಲೆ ಯುದ್ಧ ನಡೆಯುತ್ತಿತ್ತು, ಹಾಗಾಗಿ ವೀರ ಯಾರು ಅಂತ ಬಿಡಿಸಿ ಹೇಳಬೇಕಾಗಿರಲಿಲ್ಲ. ಹೊಗಳಿಕೆ ಅಂತ ಮೂಗು ಮುರಿಯಬಹುದು, ಆದರೆ ಆ ವಿರಹದ ಹಾಡು ನಿಜಕ್ಕೂ ಚೆನ್ನಾಗಿದೆ.

ಕತೆಯ ಭಾಗದಲ್ಲೂ ಹುಷಾರಾಗಿರಬೇಕಿತ್ತು. 1677ರ 'ಇಸಿಸ್'ನ ಹೊಟ್ಟೆಕಿಚ್ಚಿನ ದೇವತೆ ಜೂನೋ, ದೊರೆಯ ಪ್ರೇಯಸಿ ಮೊಂತೆಸ್ಪಾನ್‌ಳ ಹಾಗೇ ಇದ್ದಾಳೆ ಅಂತ ಗುಲ್ಲೆದ್ದು, ಕೀನೋ ಆಸ್ಥಾನದಿಂದ ಹೊರಬಿದ್ದ. ಲುಲಿಗೆ ಏನೂ ಆಗಲಿಲ್ಲ.

ಅವನ ಸಾವು ಮಾತ್ರ ಬಹುಪರಾಕಿನಿಂದಲೇ ಬಂತು. ಶಸ್ತ್ರಚಿಕಿತ್ಸೆ ಆಗಿ ದೊರೆ ಚೇತರಿಸಿಕೊಂಡಿದ್ದಕ್ಕೆ 1687ರ ಜನವರಿಯಲ್ಲಿ 'ತೆ ದೇಉಮ್' ಸ್ತೋತ್ರ ಹಾಡಿಸುವಾಗ, ತಾಳ ಹಾಕುತ್ತಿದ್ದ ಕೋಲು ಕಾಲಿಗೆ ಬಡಿದು ಗಾಯ ಕೊಳೆಯಿತು. ಮಾರ್ಚಿನಲ್ಲಿ ತೀರಿಕೊಂಡ.

ಪ್ರೊಲೋಗ್ ಇನ್ನೂ ಅರವತ್ತು ವರ್ಷ ಉಳಿಯಿತು. 1749ರಲ್ಲಿ ಸಂಗೀತ ರಚನೆಕಾರ ರಾಮೋ ತನ್ನ 'ಝೊರೊಆಸ್ತ್ರ್' ಒಪೆರಾದಿಂದ ಅದನ್ನು ಕಿತ್ತುಹಾಕಿ, ಶುರುವಿಗೆ ಬರೀ ವಾದ್ಯಗಳ ಓವರ್ಚರ್ ಇಟ್ಟ. ದೊರೆಯನ್ನು ಹೊಗಳುತ್ತಿದ್ದ ಜಾಗದಲ್ಲಿ ಈಗ ಕೇಳಿದ್ದು ಅಬ್ರಮಾನ್ ಎಂಬ ಕ್ರೂರಿಯ ದಬ್ಬಾಳಿಕೆ, ಅವನ ಕೆಳಗೆ ನರಳುವ ಜನ.