ಬಾಡಿಗೆ ಮನೆಗೆ ನಾವೇ ಗೀಸರ್ ಹಾಕಿಸಿದರೆ ಬಿಡುವಾಗ ಬಿಚ್ಚಿಕೊಂಡು ಹೋಗಬಹುದಾ?

ಪ್ರಶ್ನೆ: ಮೈಸೂರಿನ ಕುವೆಂಪುನಗರದಲ್ಲಿ ಮೊದಲನೇ ಮಹಡಿಯ ಬಾಡಿಗೆ ಮನೆಯಲ್ಲಿದ್ದೇವೆ. ಗೀಸರ್ ಹಾಕಿಸಬೇಕು, ಕಿಟಕಿಗಳಿಗೆ ಸೊಳ್ಳೆ ಮೆಶ್ ಹೊಡೆಸಬೇಕು. ಸಿಂಕಿನ ಕೆಳಗೆ ಪೈಪು ಬೇರೆ ಸೋರುತ್ತಿದೆ. ಓನರ್ ಕೇಳಿದರೆ ‘ನಿಮಗೆ ಬೇಕಾದ್ರೆ ಮಾಡಿಸ್ಕೊಳ್ಳಿ’ ಅಂತಾರೆ. ಖರ್ಚನ್ನು ಬಾಡಿಗೆಯಲ್ಲಿ ಮುರಿದುಕೊಳ್ಳಬಹುದಾ? ಬಿಡುವಾಗ ಗೀಸರ್ ನಮ್ಮದಾ, ಅವರದಾ?

ಉತ್ತರ: ಗೀಸರ್ ನಿಮ್ಮದೇ, ಬೀಗದ ಕೈ ನಿಮ್ಮ ಹತ್ತಿರ ಇರುವ ತನಕ.

ತಮಾಷೆಗೆ ಹೇಳಿದ್ದಲ್ಲ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಂ ಪ್ರಕಾರ ಬಾಡಿಗೆದಾರ ತಾನು ಜೋಡಿಸಿದ್ದನ್ನು ಕಿತ್ತುಕೊಂಡು ಹೋಗಬಹುದು. ಆದರೆ ಮನೆ ಅವನ ಸ್ವಾಧೀನದಲ್ಲಿ ಇರುವಾಗ ಮಾತ್ರ, ಆಮೇಲಲ್ಲ. ಮನೆ ಕೈಗೆ ಬಂದಾಗ ಹೇಗಿತ್ತೋ ಹಾಗೇ ಬಿಟ್ಟುಕೊಡಬೇಕು. ಸರಸ್ವತಿಪುರಂ ಮನೆ ಖಾಲಿ ಮಾಡಿದಾಗ ನನಗೆ ಇದು ಗೊತ್ತಿರಲಿಲ್ಲ. ನಾಲ್ಕು ಮೆಶ್ ಚೌಕಟ್ಟು, ಹಾಲಿನಲ್ಲೊಂದು ಹೊಸ ಫ್ಯಾನು. ‘ನಾಳೆ ಬಂದು ಬಿಚ್ಕೋತೀನಿ ಸರ್’ ಎಂದು ಕೀ ಕೊಟ್ಟು ಬಂದೆ. ಮಾರನೇ ದಿನ ಹೋದರೆ ಹೊಸ ಬಾಡಿಗೆಯವರು ಹಾಲುಕ್ಕಿಸಿ ಪೂಜೆ ಮುಗಿಸಿ ಕೂತಿದ್ದರು, ನನ್ನದೇ ಫ್ಯಾನಿನ ಕೆಳಗೆ. ಅವರು ಕೊಟ್ಟ ಅರ್ಧ ಲೋಟ ಹಾಲು ಕುಡಿದು ವಾಪಸ್ ಬಂದೆ.

ಇನ್ನೊಂದು ಮಾತು. ‘ಬೇರೆ ಕರಾರಾಗಲಿ, ಊರಿನ ರೂಢಿಯಾಗಲಿ ಇಲ್ಲದಿದ್ದರೆ’ ಎಂಬ ಷರತ್ತಿನ ಮೇಲೇ ಈ ಕಲಂ ನಿಂತಿದೆ. ಹಾಗಾಗಿ ನಿಮ್ಮ ಹನ್ನೊಂದು ತಿಂಗಳ ಕರಾರನ್ನು ಒಮ್ಮೆ ಹೊರಗೆ ತೆಗೆದು ಓದಿ. (ವರ್ಷ ಮೀರಿದ ಕರಾರಿಗೆ ನೋಂದಣಿ ಕಡ್ಡಾಯ. ಅದನ್ನು ತಪ್ಪಿಸಲೆಂದೇ ಈ ಹನ್ನೊಂದರ ಲೆಕ್ಕ.) ಟೈಪಿಂಗ್ ಅಂಗಡಿಯವರು ಹೆಸರು, ಬಾಡಿಗೆ ಮಾತ್ರ ಬದಲಿಸಿ ಕೊಡುವ ಆ ಹಾಳೆಯಲ್ಲಿ ‘ಮಾಲೀಕರ ಲಿಖಿತ ಒಪ್ಪಿಗೆ ಇಲ್ಲದೆ ಯಾವ ಮಾರ್ಪಾಡೂ ಮಾಡಕೂಡದು’ ಎಂಬ ಸಾಲು ಸಾಮಾನ್ಯವಾಗಿ ಇದ್ದೇ ಇರುತ್ತದೆ.

ಈಗ ಸಿಂಕಿನ ಪೈಪು. ಮಾಲೀಕರು ಮಾಡಿಸಬೇಕಾದ ರಿಪೇರಿಯನ್ನು, ತಿಳಿಸಿದ ಮೇಲೂ ಸಾಕಷ್ಟು ಸಮಯದೊಳಗೆ ಮಾಡಿಸದಿದ್ದರೆ ನೀವೇ ಮಾಡಿಸಿ ಬಡ್ಡಿ ಸಮೇತ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು ಎಂದು ಅದೇ ಕಲಂ ಹೇಳುತ್ತದೆ. ತೊಡಕಿರುವುದು ‘ಮಾಡಿಸಬೇಕಾದ’ ಎನ್ನುವಲ್ಲಿ. ಯಾವುದು ಅವರ ಪಾಲಿನದು ಎಂಬ ಪಟ್ಟಿ ಅಲ್ಲಿಲ್ಲ, ಕರಾರಿನಲ್ಲಿ ಇರಬೇಕು. 1999ರ ಕರ್ನಾಟಕ ಬಾಡಿಗೆ ಕಾಯ್ದೆ ಇದೆಯಲ್ಲ ಎಂದು ಯಾರಾದರೂ ಹೇಳಿಯಾರು. ತಿಂಗಳಿಗೆ 3,500 ರೂಪಾಯಿ ಮೀರಿದ ಮನೆಗಳು ಅದರ ವ್ಯಾಪ್ತಿಗೇ ಬರುವುದಿಲ್ಲ. ಕುವೆಂಪುನಗರದಲ್ಲಿ ಆ ಬಾಡಿಗೆಗೆ ಒಂದು ರೂಮು ಹುಡುಕಿ ನೋಡಿ! ಕರಾರು ಬಾಯಿ ಬಿಡದ ಕಡೆ ನಡೆಯುವುದು ರೂಢಿ. ತಾರಸಿ ಸೋರಿದರೆ, ಸಂಪಿನ ಮೋಟರ್ ಸುಟ್ಟರೆ, ಗೋಡೆಯೊಳಗಿನ ವೈರು ಕೆಟ್ಟರೆ ಓನರ್. ಬಲ್ಬು, ನಲ್ಲಿಯ ವಾಷರ್ ನಿಮ್ಮದು. ಸಿಂಕಿನ ಕೆಳಗಿನ ಪ್ಲಾಸ್ಟಿಕ್ ಪೈಪು ಹಳತಾಗಿ ಬಿರುಕು ಬಿಟ್ಟಿದ್ದರೆ ಅವರನ್ನು ಕೇಳಬಹುದು, ಆದರೆ ಇಷ್ಟು ಸಣ್ಣ ಖರ್ಚಿಗೆ ನಾನಂತೂ ಜಗಳಕ್ಕೆ ನಿಲ್ಲುವುದಿಲ್ಲ. ದೊಡ್ಡ ಖರ್ಚಾದರೆ ಮಾತ್ರ ಹೇಳದೆ ಕೇಳದೆ ಬಾಡಿಗೆಯಲ್ಲಿ ಹಿಡಿಯಬೇಡಿ. ಅಡ್ವಾನ್ಸ್ ಅವರ ಕೈಯಲ್ಲಿದೆ.

ಗೀಸರ್ ವಿಷಯದಲ್ಲಿ ಒಪ್ಪಿಗೆ ಬೇಕಾಗುವುದು ಗೀಸರಿಗಿಂತ ಹೆಚ್ಚಾಗಿ ವೈರಿಂಗಿಗೆ. ಹಳೇ ಮನೆಗಳ ಬಚ್ಚಲಲ್ಲಿ ಇರುವುದು ಹೆಚ್ಚಾಗಿ 6 ಆಂಪಿಯರ್ ಸಾಕೆಟ್ಟು. 2,000 ವ್ಯಾಟ್ ಗೀಸರ್ ಎಳೆಯುವುದು ಹತ್ತಿರ ಹತ್ತಿರ 9 ಆಂಪಿಯರ್. ನಮ್ಮ ಚಿಕ್ಕಮ್ಮನ ಮನೆಯಲ್ಲಿ ಅಡಾಪ್ಟರ್ ಸಿಕ್ಕಿಸಿ ಹಾಗೇ ನಡೆಸಿದ್ದರು. ಎರಡು ತಿಂಗಳಲ್ಲಿ ಸಾಕೆಟ್ಟಿನ ಬಿಳಿ ಮುಖ ಬೆಲ್ಲದ ಬಣ್ಣಕ್ಕೆ ತಿರುಗಿ, ಪಿನ್ನಿನ ಸುತ್ತ ಕರಗಿ, ಪ್ಲಗ್ಗು ಎಳೆದರೂ ಬರಲಿಲ್ಲ. 16 ಆಂಪಿಯರ್ ಪಾಯಿಂಟು, ಅದಕ್ಕೇ ಬೇರೆ ಎಂಸಿಬಿ (ಲೋಡ್ ಮಿತಿ ಮೀರಿದರೆ ತಾನೇ ಆಫ್ ಆಗುವ ಸ್ವಿಚ್ಚು), ಸರಿಯಾದ ಅರ್ಥಿಂಗ್ ಇರಲೇಬೇಕು. ಈ ಲೈನು ನೀವು ಹೋದ ಮೇಲೂ ಗೋಡೆಯಲ್ಲೇ ಉಳಿಯುತ್ತದೆ. ಆದ್ದರಿಂದ ವೈರಿಂಗ್ ಖರ್ಚು ಅವರದು, ಗೀಸರ್ ನನ್ನದು ಎಂದು ಕೇಳುವುದು ನ್ಯಾಯವೇ. ಟೈಲ್ಸ್ ಮೇಲೆ ಹೊಸ ತೂತು ಕೊರೆದರೆ ಅದನ್ನು ಮೊದಲಿನಂತೆ ಮಾಡುವುದು ಕಷ್ಟ. ಹಳೇ ಗೀಸರಿನ ತೂತು ಇದ್ದರೆ ಅದನ್ನೇ ಬಳಸಲು ನೋಡಿ.

ಗೃಹಜ್ಯೋತಿಯಲ್ಲಿದ್ದರೆ ಇದನ್ನೂ ಲೆಕ್ಕ ಹಾಕಿ. ಈ ಗೀಸರ್ ದಿನಕ್ಕೊಂದು ಗಂಟೆ ಉರಿದರೆ ತಿಂಗಳಿಗೆ 60 ಯೂನಿಟ್. ಉಚಿತ ಮಿತಿ ಎಲ್ಲರಿಗೂ 200 ಅಲ್ಲ, ಹಿಂದಿನ ಸರಾಸರಿ ಬಳಕೆಯ ಮೇಲೆ ನಿಂತದ್ದು. 200 ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು. ತಾರಸಿ ಮೇಲೆ ಸೋಲಾರ್ ಇದ್ದರೆ ಅದರಿಂದ ನಿಮ್ಮ ಮಹಡಿಗೂ ಒಂದು ಪೈಪು ಎಳೆಸಲು ಓನರ್ ಒಪ್ಪುತ್ತಾರಾ ಎಂದು ಮೊದಲು ಕೇಳಿ.

ಮೆಶ್ ಸುಲಭ. ವೆಲ್ಕ್ರೋ ಅಂಟಿಸುವ ಬಗೆಯದು ತಗೊಂಡರೆ ಡ್ರಿಲ್ಲೇ ಬೇಡ.

ಇನ್ನು ಆ ‘ಮಾಡಿಸ್ಕೊಳ್ಳಿ’. ಬಾಯಿಮಾತನ್ನು ಇವತ್ತೇ ಬರಹಕ್ಕಿಳಿಸಿ. ಬಚ್ಚಲಿನ ಗೋಡೆ, ಸಾಕೆಟ್ಟು, ಸಿಂಕಿನ ಫೋಟೋ ತೆಗೆದು ವಾಟ್ಸಾಪಿನಲ್ಲಿ ಹೀಗೆ ಕಳಿಸಿ: ‘ಸರ್, ನೀವು ಹೇಳಿದ ಹಾಗೆ ನಮ್ಮ ಖರ್ಚಿನಲ್ಲಿ ಗೀಸರ್, ಮೆಶ್ ಹಾಕಿಸುತ್ತಿದ್ದೇವೆ. ಮನೆ ಬಿಡುವಾಗ ಎರಡನ್ನೂ ತೆಗೆದುಕೊಂಡು, ತೂತು ಮುಚ್ಚಿಸಿ ಕೊಡುತ್ತೇವೆ. 16 ಆಂಪಿಯರ್ ಲೈನ್ ಮನೆಯಲ್ಲೇ ಉಳಿಯುವುದರಿಂದ ಅದರ ಖರ್ಚನ್ನು ಮುಂದಿನ ತಿಂಗಳ ಬಾಡಿಗೆಯಲ್ಲಿ ಹಿಡಿದುಕೊಳ್ಳಬಹುದಾ?’ ‘ಆಯ್ತು’ ಎಂದು ಎರಡಕ್ಷರ ಬಂದರೂ ಸಾಕು. ಮೊಬೈಲ್ ಬದಲಿಸುವಾಗ ಆ ಚಾಟ್ ಮಾತ್ರ ಕಳೆದುಕೊಳ್ಳಬೇಡಿ.