ರಕ್ತ ಕಡಿಮೆಯಾದರೆ ಸುಸ್ತು ಸರಿ, ಬೆರಳು ಊದುವುದೇಕೆ?

ಪ್ರಶ್ನೆ: ಮಗಳಿಗೆ ಒಂದೂವರೆ ವರ್ಷ. ಹುಟ್ಟಿದಾಗ ಚೆನ್ನಾಗಿಯೇ ಇದ್ದಳು. ಎಂಟನೆಯ ತಿಂಗಳಲ್ಲಿ ಕೈಕಾಲಿನ ಬೆರಳುಗಳು ಊದಿಕೊಂಡು ಒಂದೇ ಸಮನೆ ಅಳತೊಡಗಿದಳು. ಪರೀಕ್ಷೆ ಮಾಡಿಸಿದರೆ ಸಿಕಲ್ ಸೆಲ್ ಅನೀಮಿಯಾ ಎಂದರು. ರಕ್ತ ಕಡಿಮೆಯಿದ್ದರೆ ಸುಸ್ತಾಗಬೇಕು, ನೋವೇಕೆ?

ಉತ್ತರ: ‘ರಕ್ತ ಕಡಿಮೆ’ ಎಂಬ ಮಾತೇ ಇಲ್ಲಿ ದಾರಿ ತಪ್ಪಿಸುತ್ತದೆ. ರಕ್ತ ಎಷ್ಟಿದೆ ಎನ್ನುವುದಕ್ಕಿಂತ ಮೊದಲು ಕೇಳಬೇಕಾದದ್ದು, ರಕ್ತಕಣ ಎಷ್ಟು ಮೆತ್ತಗಿದೆ ಎಂದು.

ಆರೋಗ್ಯವಂತ ಕೆಂಪು ರಕ್ತಕಣದ ಅಗಲ ಏಳೆಂಟು ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು). ಅದು ಹಾಯಬೇಕಾದ ಲೋಮನಾಳಗಳಲ್ಲಿ, ಅಂದರೆ ಅತಿ ಸಣ್ಣ ರಕ್ತನಾಳಗಳಲ್ಲಿ, ಹಲವು ಅದಕ್ಕಿಂತ ಕಿರಿದು. ಹೊಟ್ಟೆಯ ಎಡಭಾಗದಲ್ಲಿದ್ದು ರಕ್ತವನ್ನು ಸೋಸುವ ಗುಲ್ಮದೊಳಗಿನ (ಸ್ಪ್ಲೀನ್) ಸೀಳುಗಳಂತೂ ಹೆಚ್ಚೆಂದರೆ ಒಂದು ಮೈಕ್ರಾನಿನ ಆಸುಪಾಸು. ಆದರೂ ಕಣ ನುಸುಳುತ್ತದೆ. ಅದು ಚೆಂಡಲ್ಲ, ನಡು ತಗ್ಗಿದ ಬಿಲ್ಲೆ. ಒಳಗಿನ ದ್ರವವನ್ನು ಹಿಡಿಯಲು ಬೇಕಾದದ್ದಕ್ಕಿಂತ ಹೆಚ್ಚು ಪೊರೆ ಅದಕ್ಕಿದೆ. ಚಪಾತಿಯನ್ನು ಹೇಗೆ ಬೇಕಾದರೂ ಮಡಚಬಹುದು, ಉಬ್ಬಿದ ಪೂರಿಯನ್ನು ಮಡಚಿ ನೋಡಿ! (ಕಣಗಳು ಹಾಗೆ ದುಂಡಗಾಗಿ ಗುಲ್ಮದಲ್ಲಿ ಸಿಕ್ಕಿ ಸಾಯುವ ಕಾಯಿಲೆಯೂ ಉಂಟು, ಅದು ಸ್ಫೆರೊಸೈಟೋಸಿಸ್.)

ನಿಮ್ಮ ಮಗಳಲ್ಲಿ ತಕರಾರು ಶುರುವಾಗುವುದು ಪೊರೆಯಿಂದಲ್ಲ, ಒಳಗೆ ಆಮ್ಲಜನಕ ಹೊರುವ ಹಿಮೋಗ್ಲೋಬಿನ್‌ನಿಂದ. ಅಮೈನೋ ಆಮ್ಲಗಳನ್ನು ಮಣಿಗಳಂತೆ ಪೋಣಿಸಿದ ಸರಪಳಿಗಳಿಂದಾದ ಪ್ರೋಟೀನ್ ಅದು. ಅದರ ಬೀಟಾ ಎಂಬ ಸರಪಳಿಯ 6ನೆಯ ಸ್ಥಾನದಲ್ಲಿ ಗ್ಲುಟಾಮಿಕ್ ಆಮ್ಲ ಎಂಬ ಮಣಿಯ ಬದಲು ವ್ಯಾಲಿನ್ ಎಂಬ ಮಣಿ ಕುಳಿತಿದೆ, ಅಷ್ಟೇ. ಆಮ್ಲಜನಕ ಬಿಟ್ಟುಕೊಟ್ಟ ಮೇಲೆ ಇಂಥ ಹಿಮೋಗ್ಲೋಬಿನ್ ಒಂದಕ್ಕೊಂದು ಅಂಟಿ ಉದ್ದನೆಯ ಎಳೆಗಳಾಗುತ್ತದೆ, ಕಣ ಸೆಟೆದುಕೊಳ್ಳುತ್ತದೆ. ಸಿಕಲ್ ಎಂದರೆ ಕುಡುಗೋಲು, ಆ ಹೆಸರಿನಿಂದಾಗಿ ಎಲ್ಲರ ಕಣ್ಣು ಕಣದ ಬಾಗಿದ ಆಕಾರದ ಮೇಲೆ. ಆದರೆ ಹಾಗೆ ಬಾಗದ ಕಣವೂ ಒಳಗೊಳಗೇ ಬಿಗಿದಿರಬಹುದು. ಅಂಥ ಕಣಗಳು ಬೆರಳಿನ ಮೂಳೆಯ ಸಣ್ಣ ನಾಳಗಳಲ್ಲಿ ಗೋಡೆಗೆ ಅಂಟಿ ದಾರಿ ಕಟ್ಟಿದಾಗ ಮೂಳೆಗೆ ರಕ್ತ ಸಿಗದೆ ಊತ ಬರುತ್ತದೆ, ನೋವು ಬರುತ್ತದೆ. ರಕ್ತ ಕಡಿಮೆಯಾಗುವುದಕ್ಕೂ ಮೂಲ ಇದೇ: 120 ದಿನ ಬಾಳಬೇಕಾದ ಕಣ 10–20 ದಿನಗಳಲ್ಲಿ ಒಡೆಯುತ್ತದೆ. ಕಬ್ಬಿಣದ ಟಾನಿಕ್ ಇದನ್ನು ಸರಿಪಡಿಸದು. ಪರೀಕ್ಷೆಯಲ್ಲಿ ಕೊರತೆ ಕಂಡರಷ್ಟೇ ಅದು ಬೇಕು.

ನೀರು ಕುಡಿಸಿ ಎಂದು ವೈದ್ಯರು ಪದೇ ಪದೇ ಹೇಳುವುದು ಬಾಯುಪಚಾರವಲ್ಲ. ಪಾಕ ಗಟ್ಟಿಯಾದಷ್ಟೂ ಬೇಗ ಹರಳುಗಟ್ಟುವ ಹಾಗೆ, ಕಣದೊಳಗಿನ ನೀರು ತುಸು ಇಂಗಿದರೂ ಎಳೆಗಳು ಬಹು ಬೇಗ ಕಟ್ಟುತ್ತವೆ. ವಾಂತಿಭೇದಿ, ಜ್ವರ ಬಂದಾಗ ನೋವು ಕೆರಳುವುದು ಹೀಗೆ. ಚಳಿಗೆ ನಾಳಗಳು ಕುಗ್ಗಿದರೂ ಅಷ್ಟೇ. ದಾಟುವುದು ತಡವಾದಷ್ಟೂ ಎಳೆ ಕಟ್ಟಲು ಸಮಯ ಸಿಗುತ್ತದೆ.

ಹುಟ್ಟಿದಾಗ ಚೆನ್ನಾಗಿದ್ದದ್ದು ಹೇಗೆ? ಗರ್ಭದಲ್ಲಿದ್ದಾಗಿನ ಹಿಮೋಗ್ಲೋಬಿನ್ ಬೇರೆಯದೇ ಬಗೆಯದು. ಅದು ಈ ಎಳೆಗಳನ್ನು ಕಟ್ಟಗೊಡುವುದಿಲ್ಲ. ಆರು ತಿಂಗಳ ಹೊತ್ತಿಗೆ ಅದು ಬಹುಪಾಲು ಕಡಿಮೆಯಾಗುತ್ತದೆ, ಕಾಯಿಲೆ ಮುಖ ತೋರಿಸುತ್ತದೆ. ಈ ಕಾಯಿಲೆಗೆ ಕೊಡುವ ಹೈಡ್ರಾಕ್ಸಿಯೂರಿಯಾ ಎಂಬ ಔಷಧ ಮಾಡುವ ಮುಖ್ಯ ಕೆಲಸವೂ ಆ ಹಳೆಯ ಹಿಮೋಗ್ಲೋಬಿನ್ ಅನ್ನು ಮತ್ತೆ ಹೆಚ್ಚಿಸುವುದೇ. ಅದು ಕ್ಯಾನ್ಸರ್ ಮಾತ್ರೆ ಎಂದು ಯಾರಾದರೂ ಹೆದರಿಸಿಯಾರು. ಅಲ್ಲಿಯೂ ಬಳಸುತ್ತಾರೆ, ನಿಜ. ಆದರೆ ಆಗಾಗ ರಕ್ತಪರೀಕ್ಷೆ ಮಾಡುತ್ತಾ ಒಂಬತ್ತು ತಿಂಗಳು ತುಂಬಿದ ಮಕ್ಕಳಿಗೂ ಕೊಡುವ ಔಷಧ ಇದು.

ಗುಲ್ಮದ ಮೇಲೆ ಒಂದು ಕಣ್ಣಿರಲಿ. ಬಿಗಿದ ಕಣಗಳು ಅಲ್ಲಿ ಒಮ್ಮೆಲೇ ಸಿಕ್ಕಿಕೊಂಡರೆ ಹೊಟ್ಟೆಯ ಎಡಭಾಗ ಉಬ್ಬಿ, ಮಗು ಕೆಲವೇ ಗಂಟೆಗಳಲ್ಲಿ ಬಿಳಿಚಿಕೊಳ್ಳಬಹುದು. ಎಡಪಕ್ಕೆಲುಬಿನ ಕೆಳಗೆ ಕೈಯಿಟ್ಟು ನೋಡುವುದನ್ನು ಮುಂದಿನ ಭೇಟಿಯಲ್ಲಿ ವೈದ್ಯರಿಂದ ಕಲಿತುಕೊಳ್ಳಿ. ಈ ಮಕ್ಕಳಲ್ಲಿ ಗುಲ್ಮ ಬೇಗ ಸೋಲುವುದರಿಂದ ಸೋಂಕು ತಡೆಯುವ ಬಲವೂ ಕುಗ್ಗಿರುತ್ತದೆ. ಜ್ವರ 101 ಡಿಗ್ರಿ ದಾಟಿದರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೊರಡಿ.